ಮಿನಿ ಟ್ರ್ಯಾಕ್ಟರ್ ಹೈಡ್ರಾಲಿಕ್‌ನಲ್ಲಿ ಸೌದೆ ಸೀಳೋ ಮಿಷನ್ ಓಡುತ್ತಾ? ಟಿಪ್ಪಿಂಗ್ ಪೋರ್ಟ್ ಒಂದೇ ಇರೋದು

ಬೆಟ್ಟದಪುರ ಬ್ಯಾರನ್

ಎಲ್ರಿಗೂ ನಮಸ್ಕಾರ. ನಮ್ದು ಪಿರಿಯಾಪಟ್ಟಣ ತಾಲೂಕು, ಹೊಗೆಸೊಪ್ಪಿನ ಬ್ಯಾರನ್ (ಒಲೆ ಶಾಖದಲ್ಲಿ ಸೊಪ್ಪು ಒಣಗಿಸೋ ಮನೆ) ಎರಡಿದೆ, ವರ್ಷಕ್ಕೆ ಹೆಚ್ಚುಕಮ್ಮಿ 16-17 ಟನ್ ಸೌದೆ ಬೇಕು. ಮೊದ್ಲು ನಮ್ಮದೇ ನೀಲಗಿರಿ ತೋಪಿತ್ತು, ತೋಳು ದಪ್ಪದ ಗಳ ಬರೋದು, ಸೀಳೋ ಮಾತೇ ಇರ್ಲಿಲ್ಲ. 2017ರಲ್ಲಿ ನೀಲಗಿರಿ ಹೊಸದಾಗಿ ನೆಡೋದನ್ನ ಸರ್ಕಾರ ನಿಲ್ಸಿದ ಮೇಲೆ ನಾವೂ ನೆಡ್ಲಿಲ್ಲ, ಈಗ ಉಳಿದಿರೋದು ಬರೀ ದಪ್ಪ ಬೊಡ್ಡೆಗಳು, ಹೊರಗಡೆ ಕೊಂಡ್ಕೊಂಡ್ರೂ ಮಾವು, ಸಿಲ್ವರ್ ಓಕು, ಹುಣಸೆ ಅಂತ ಒಂದಡಿ ಒಂದೂಕಾಲು ಅಡಿ ದಪ್ಪದ ದಿಮ್ಮಿನೇ ಬರ್ತಿದೆ.

ದಿಮ್ಮಿನ ಹಂಗೇ ಒಲೆಗೆ ತುರುಕಿದ್ರೆ ಏನಾಗುತ್ತೆ ಅಂತ ಸೊಪ್ಪು ಬೇಯಿಸೋರಿಗೆಲ್ಲ ಗೊತ್ತು. ಹತ್ಕೊಳೋಕೆ ಸತಾಯಿಸುತ್ತೆ, ಹತ್ಕೊಂಡ ಮೇಲೆ ಹಿಡಿತಕ್ಕೆ ಸಿಗಲ್ಲ, ಹಳದಿ ಬಣ್ಣ ನಿಲ್ಲಿಸೋ ಹೊತ್ತಲ್ಲಿ ಶಾಖ ಏರಿಳಿದ್ರೆ ಎಲೆ ಕಂದು ಬರುತ್ತೆ, ಮಾರ್ಕೆಟ್‌ನಲ್ಲಿ ಗ್ರೇಡ್ ಬಿದ್ದೋಗುತ್ತೆ. ಕೊಡಲಿ ಹಿಡಿಯೋ ಆಳು ಸಿಗೋದೇ ಇಲ್ಲ ಈಗ. ಹೋದ ವರ್ಷ ನಮ್ಮಪ್ಪನೇ ಬೆಣೆ ಹೊಡೆದು ಹೊಡೆದು ಭುಜ ಹಿಡ್ಕೊಂಡು ಎರಡು ತಿಂಗಳು ಕೈ ಎತ್ತಕ್ಕಾಗ್ಲಿಲ್ಲ, ಈ ಸಲ ಅವ್ರ ಕೈಗೆ ಕೊಡಲಿ ಕೊಡಬಾರ್ದು ಅಂತ ತೀರ್ಮಾನ ಮಾಡಿದೀನಿ.

ನಮ್ಮತ್ರ ಇರೋದು 27 ಎಚ್‌ಪಿ ಮಿನಿ ಟ್ರ್ಯಾಕ್ಟರ್. ಪುಸ್ತಕದಲ್ಲಿ ಹೈಡ್ರಾಲಿಕ್ ಪಂಪ್ 18 ಲೀಟರ್ ಒಂದು ನಿಮಿಷಕ್ಕೆ, ಪ್ರೆಶರ್ 150 ಬಾರ್ ಅಂತ ಬರೆದಿದೆ. ಹಿಂದ್ಗಡೆ ಟಿಪ್ಪಿಂಗ್ ಟ್ರೈಲರ್‌ಗೆ ಅಂತ ಒಂದೇ ಪೋರ್ಟ್ ಇದೆ, ಪಕ್ಕದಲ್ಲಿ ಆಯಿಲ್ ಲಿಫ್ಟ್ ತೋಳಿಗಾ ಟ್ರೈಲರಿಗಾ ಅಂತ ತಿರುಗಿಸೋ ಟ್ಯಾಪು. ಮೈಸೂರಲ್ಲಿ ಗುಜರಿ ಅಂಗಡೀಲಿ ಹಳೇ ಜೆಸಿಬಿ ಜಾಕಿ ಒಂದು ತಗೊಂಡಿದೀನಿ, ಬೋರ್ (ಒಳಗಿನ ಅಗಲ) 90 ಎಂಎಂ, ರಾಡ್ 50, ಸ್ಟ್ರೋಕ್ (ರಾಡ್ ಹೊರಗೆ ಬರೋ ಉದ್ದ) 650. ಇದನ್ನ ಗರ್ಡರ್ ಮೇಲೆ ಕೂರಿಸಿ ಮುಂದೆ ಬೆಣೆ ವೆಲ್ಡ್ ಮಾಡಿಸಿದ್ರೆ ಸೌದೆ ಸೀಳುತ್ತಾ? ಎಷ್ಟು ನಿಧಾನ ಆಗುತ್ತೆ? ಮುಖ್ಯವಾಗಿ ಟ್ರ್ಯಾಕ್ಟರ್ ಗೇರ್‌ಬಾಕ್ಸ್‌ಗೆ ಏನಾದ್ರೂ ಪೆಟ್ಟು ಬೀಳುತ್ತಾ? ಸಾಲದ ಗಾಡಿ, ಅದೇ ಭಯ.

ಹೆಬ್ಬಾಳ ಲೇತ್

ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹೈಡ್ರಾಲಿಕ್ ಜಾಕಿ ರಿಪೇರಿ ಕೆಲ್ಸ ನಂದು. ನೀವು ಅಳತೆ ಸರಿಯಾಗಿ ಕೊಟ್ಟಿರೋದ್ರಿಂದ ಲೆಕ್ಕ ಹಾಕೇ ಹೇಳ್ಬಹುದು ಸಾರ್, ಇಲ್ಲಿ ಊಹೆ ಬೇಕಿಲ್ಲ.

90 ಎಂಎಂ ಬೋರಿಗೆ ಪಿಸ್ಟನ್ ವಿಸ್ತೀರ್ಣ 63.6 ಚದರ ಸೆಂಟಿಮೀಟರ್. ಅದ್ರ ಮೇಲೆ 150 ಬಾರ್ ಬಿದ್ರೆ ಹತ್ತಿರ ಹತ್ತಿರ 9.7 ಟನ್ ತಳ್ಳುತ್ತೆ. ನೆಟ್ಟಗೆ ನಾರು ಇರೋ ನೀಲಗಿರಿ, ಸಿಲ್ವರ್ ಓಕಿಗೆ ಧಾರಾಳ ಸಾಕು. ಮಾವೂ ಹೋಗುತ್ತೆ. ಹುಣಸೆ ಬೊಡ್ಡೆ, ಗಂಟಿರೋ ಜಾಲಿ ಇವು ಮಧ್ಯಕ್ಕೆ ಹಾಕಿದ್ರೆ ನಿಂತ್ಕೊಳ್ಳುತ್ತೆ, ಅಂಥವನ್ನ ಅಂಚಿಂದ ಸಿಪ್ಪೆ ಸುಲಿದಂಗೆ ಸುತ್ತ ಎರಡೆರಡು ಇಂಚು ತೆಗೀತಾ ಬರ್ಬೇಕು. ನಾಕು ತುಂಡು ಒಂದೇ ಸಲ ಮಾಡೋ ಪ್ಲಸ್ ಆಕಾರದ ಬೆಣೆ ನಿಮಗೆ ಬೇಡವೇ ಬೇಡ, ಅದಕ್ಕೆ ಇದರ ಎರಡರಷ್ಟು ಬಲ ಬೇಕು.

ಇನ್ನು ಸ್ಪೀಡು. ಜಾಕಿ ಪೂರ್ತಿ ಹೊರಗೆ ಬರೋಕೆ 4.1 ಲೀಟರ್ ಆಯಿಲ್ ಬೇಕು, ನಿಮಿಷಕ್ಕೆ 18 ಲೀಟರ್ ಬಂದ್ರೆ ಸುಮಾರು 14 ಸೆಕೆಂಡ್. ವಾಪಸ್ ಬರೋವಾಗ ರಾಡ್ ಜಾಗ ತಿಂದಿರೋದ್ರಿಂದ 2.9 ಲೀಟರ್ ಸಾಕು, 9-10 ಸೆಕೆಂಡ್. ಅಲ್ಲಿಗೆ ಒಂದು ಸುತ್ತು 24 ಸೆಕೆಂಡ್. ಎಲ್ರೂ ದೊಡ್ಡ ಜಾಕಿ ಹಾಕ್ಸಿ ಅಂತಾರೆ, 125 ಬೋರ್ ಹಾಕಿದ್ರೆ 18 ಟನ್ ಮೇಲೆ ಬರುತ್ತೆ ನಿಜ, ಆದ್ರೆ ಇದೇ ಸ್ಟ್ರೋಕಿಗೆ ಹೊರಗೆ ಬರೋಕೇ 26 ಸೆಕೆಂಡ್ ಕಾಯ್ಬೇಕು. ನಿಮ್ಮ ಪಂಪಿಗೆ 90 ಸರಿಯಾದ ಜೋಡಿ ಅಂತ ನನ್ನ ಅಭಿಪ್ರಾಯ.

ಎಷ್ಟೋ ಜನ ತಪ್ಪು ತಿಳ್ಕೊಂಡಿರೋದು ಒಂದಿದೆ, ಆಕ್ಸಿಲರೇಟರ್ ಜಾಸ್ತಿ ಕೊಟ್ರೆ ಜಾಸ್ತಿ ಬಲ ಬರುತ್ತೆ ಅಂತ. ಬಲ ಬರೋದು ಪ್ರೆಶರಿಂದ, ಅದನ್ನ ರಿಲೀಫ್ ವಾಲ್ವ್ (ಪ್ರೆಶರ್ ಮಿತಿ ಮೀರಿದ್ರೆ ಆಯಿಲ್ ಬಿಟ್ಟುಬಿಡೋ ವಾಲ್ವ್) ಕಟ್ಟಿಹಾಕಿರುತ್ತೆ. ಆರ್‌ಪಿಎಂ ಕೊಟ್ರೆ ಆಯಿಲ್ ಜಾಸ್ತಿ ಬಂದು ಜಾಕಿ ಬೇಗ ಓಡುತ್ತೆ ಅಷ್ಟೇ. ಬಲ ಸಾಲ್ತಿಲ್ಲ ಅಂತ ರಿಲೀಫ್ ವಾಲ್ವಿನ ಸ್ಕ್ರೂ ಬಿಗಿ ಮಾಡೋ ಮೆಕ್ಯಾನಿಕ್‌ಗಳು ಇದ್ದಾರೆ, ದಯವಿಟ್ಟು ಹಂಗೆ ಮಾಡೋಕೆ ಬಿಡಬೇಡಿ, ಪಂಪ್ ಬಾಡಿನೇ ಬಿಟ್ಕೊಂಡು ಬಂದಿರೋದನ್ನ ನಾನು ರಿಪೇರಿ ಮಾಡಿದೀನಿ.

ಕೆ.ಆರ್. ಪೇಟೆ ತೆಂಗು

ನನ್ನ ಮಾತು ಕೇಳೋದಾದ್ರೆ ಟ್ರ್ಯಾಕ್ಟರ್ ಆಯಿಲ್‌ಗೆ ಕೈ ಹಾಕ್ಲೇಬೇಡಿ ಬ್ರದರ್. ಮಿನಿ ಟ್ರ್ಯಾಕ್ಟರಲ್ಲಿ ಗೇರು, ಡಿಫರೆನ್ಷಿಯಲ್, ಹೈಡ್ರಾಲಿಕ್ ಎಲ್ಲಕ್ಕೂ ಒಂದೇ ಆಯಿಲ್. ಗುಜರಿ ಜಾಕಿ ಒಳಗೆ ಎಷ್ಟು ವರ್ಷದ ಕೊಳೆ, ತುಕ್ಕು ಇದೆಯೋ ದೇವ್ರೇ ಬಲ್ಲ, ಅದೆಲ್ಲ ನೆಟ್ಟಗೆ ಗೇರ್‌ಬಾಕ್ಸ್‌ಗೆ ಹೋಗುತ್ತೆ.

ನಾನು ಮಾಡಿಸಿರೋದು ಪಿಟಿಓ, ಅಂದ್ರೆ ಟ್ರ್ಯಾಕ್ಟರ್ ಹಿಂದೆ ತಿರುಗೋ ಶಾಫ್ಟಿಂದ ಓಡೋ ಪಂಪು. ಪಿಟಿಓ ನಿಮಿಷಕ್ಕೆ 540 ಸುತ್ತು, ಅದಕ್ಕೆ ಒಂದಕ್ಕೆ ಮೂರರ ಗೇರ್ ಬಾಕ್ಸ್ ಹಾಕಿ ಪಂಪ್ 1600 ಚಿಲ್ಲರೆ ತಿರುಗುತ್ತೆ, 25 ಸಿಸಿ ಗೇರ್ ಪಂಪು, ನಿಮಿಷಕ್ಕೆ 40 ಲೀಟರ್ ಹತ್ರ ಹೊಡೆಯುತ್ತೆ, 60 ಲೀಟರ್ ಟ್ಯಾಂಕು, ಫಿಲ್ಟರ್ ಎಲ್ಲ ಬೇರೆ. ಟ್ರ್ಯಾಕ್ಟರ್ ಆಯಿಲ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ನಿಮ್ಮ ಜಾಕಿಗೆ ಇದನ್ನ ಹಾಕಿದ್ರೆ ಆರು ಸೆಕೆಂಡಲ್ಲಿ ಹೊರಗೆ ಬಂದ್ಬಿಡುತ್ತೆ. 150 ಬಾರಲ್ಲಿ 13-14 ಎಚ್‌ಪಿ ಎಳೆಯುತ್ತೆ, 27ರ ಗಾಡಿ ತಡೆಯುತ್ತೆ. ಖರ್ಚು ಜಾಸ್ತಿನೇ, ಆದ್ರೆ ಮಾಡೋದನ್ನ ಒಂದೇ ಸಲ ಮಾಡ್ಸಿ ಅನ್ನೋನು ನಾನು.

ಕಬ್ಬಿನ್ ಗದ್ದೆ ಮಂಡ್ಯ

ಕೆ.ಆರ್. ಪೇಟೆ ಅಣ್ಣ ಹೇಳಿದ್ದು ಸರಿ ಕನಣ್ಣ, ಆದ್ರೆ ಅವ್ರು ಬಾಡಿಗೆಗೆ ಓಡುಸ್ತಾರೆ ಅನ್ಸುತ್ತೆ. ವರ್ಸಕ್ಕೆ 17 ಟನ್ ಸೀಳೋ ಮನೆಗೆ ಅಷ್ಟೆಲ್ಲ ಯಾಕೆ? ಲೆಕ್ಕ ನೋಡಿ, ಒಂದಡಿ ದಪ್ಪ ಒಂದೂವರೆ ಅಡಿ ಉದ್ದದ ದಿಮ್ಮಿ 25 ಕೆಜಿ ಆಯ್ತದೆ, ನಾಕು ಹೋಳು ಮಾಡಕ್ಕೆ ಮೂರು ಸಲ ತಳ್ಬೇಕು, ಎತ್ತಿ ಇಟ್ಟು ತಿರುಗ್ಸೋದೆಲ್ಲ ಸೇರಿ ಒಂದು ತಳ್ಳಿಗೆ 40 ಸೆಕೆಂಡ್ ಇಟ್ಕಳಿ, ಗಂಟೆಗೆ 30 ದಿಮ್ಮಿ, ಅಂದ್ರೆ 750 ಕೆಜಿ. 17 ಟನ್ನಿಗೆ ಇಪ್ಪತ್ಮೂರು ಗಂಟೆ. ದಿನಾ ಬೆಳಗ್ಗೆ ಮೂರ್ ಮೂರು ಗಂಟೆ ಮಾಡುದ್ರೆ ಎಂಟು ದಿನದ ಕೆಲ್ಸ ಅಷ್ಟೆಯ.

ನಮ್ಮ ಆಲೆಮನೆ ಒಲೆಗೆ ರಚ್ಚು (ಕಬ್ಬಿನ ಸಿಪ್ಪೆ) ಸಾಲ್ದೆ ಇದ್ದಾಗ ಸೌದೆ ಹಾಕ್ಬೇಕಾಗ್ತದೆ, ಅದಕ್ಕೆ ಅಂತವ ನಾನು ನಿಮ್ ತರದ್ದೇ ಮಿನಿ ಟ್ರ್ಯಾಕ್ಟರಿಗೆ ಟಿಪ್ಪಿಂಗ್ ಪೋರ್ಟಿಂದ್ಲೇ ಕಟ್ಕಂಡು ಓಡುಸ್ತಾ ಇವ್ನಿ, ನಾಕನೇ ವರ್ಸ. ಎಂಗೆ ಅಂತ ಹೇಳ್ತೀನಿ.

ಟಿಪ್ಪಿಂಗ್ ಪೋರ್ಟಿಗೆ ಜಾಕಿನ ನೇರವಾಗಿ ಕೊಟ್ರೆ ಹೊರಕ್ಕೆ ಬತ್ತದೆ, ವಾಪಸ್ ಹೋಗಲ್ಲ, ಯಾಕಂದ್ರೆ ಒಂದೇ ಪೈಪು. ಟ್ರೈಲರ್ ಆದ್ರೆ ಭಾರಕ್ಕೆ ತಾನೇ ಇಳೀತದೆ, ಬೆಣೆ ಇಳಿಯಲ್ಲ. ಅದಕ್ಕೆ ಮಧ್ಯದಲ್ಲಿ ಜಾಕಿನ ಹಿಂದಕ್ಕೂ ಮುಂದಕ್ಕೂ ತಳ್ಳೋ ಒಂದು ಡಬಲ್ ಆಕ್ಟಿಂಗ್ ಲಿವರ್ ವಾಲ್ವ್ ಬೇಕು, ಓಪನ್ ಸೆಂಟರ್ ಅಂತ ಕೇಳೇ ತಗಳಿ, ಅಂಗಡಿಯೋನು ಯಾವ್ದೋ ಒಂದು ಕೊಟ್ಬುಡ್ತಾನೆ. ಲಿವರ್ ನಡುವೆ ಇದ್ದಾಗ ಆಯಿಲ್ ಸಲೀಸಾಗಿ ಒಳಕ್ಕೆ ಬಂದು ಹೊರಕ್ಕೆ ಹೋಗ್ತಾ ಇರ್ಬೇಕು, ಅದೇ ಓಪನ್ ಸೆಂಟರು. ಕ್ಲೋಸ್ಡ್ ಸೆಂಟರ್ ಹಾಕುದ್ರೆ ಲಿವರ್ ಬುಟ್ಟಾಗ್ಲೂ ಪಂಪು ಗೋಡೆಗೆ ತಳ್ದಂಗೆ ತಳ್ತಾನೇ ಇರ್ತದೆ, ರಿಲೀಫ್ ವಾಲ್ವ್ ಕಿರ್ ಅಂತದೆ, ಆಯಿಲ್ ಕಾದು ನೀರಾಗ್ತದೆ.

ಪೋರ್ಟಿಂದ ಅರ್ಧ ಇಂಚಿನ ಹೋಸು ವಾಲ್ವಿನ ಒಳಕ್ಕೆ. ವಾಲ್ವಿಂದ ಎರಡು ಹೋಸು ಜಾಕಿಗೆ. ನಾಕ್ನೇದು ರಿಟರ್ನು, ಅದನ್ನ ಮುಕ್ಕಾಲು ಇಂಚಿಂದು ತಗಂಡು ಗೇರ್‌ಬಾಕ್ಸ್ ಆಯಿಲ್ ತುಂಬೋ ಕಡೆ ಫಿಟ್ಟಿಂಗ್ ಮಾಡ್ಸಿ, ಒಳಗಡೆ ಪೈಪು ಆಯಿಲ್ ಮಟ್ಟದಿಂದ ಕೆಳಕ್ಕೆ ಹೋಗ್ಬೇಕು, ಮ್ಯಾಲಿಂದ ಸುರುದ್ರೆ ನೊರೆ ಏಳ್ತದೆ, ನೊರೆ ಎದ್ರೆ ಜಾಕಿ ಕುಪ್ಪಳುಸ್ತದೆ. ಮಿಷನ್ನ ಲಿಫ್ಟಿಂದ ನೆಲಕ್ಕೆ ಇಳ್ಸಿ, ಕಾಲು ಕೊಟ್ಟು ಕೂರುಸ್ಬುಟ್ಟು, ಆಮೇಲೆ ಟ್ಯಾಪ್ ಟ್ರೈಲರ್ ಕಡೆ ತಿರುಗ್ಸಿ ಲಿಫ್ಟ್ ಲಿವರ್ ಪೂರ್ತಿ ಮ್ಯಾಲಕ್ಕೆ ಇಟ್ಬುಡಿ. ತೋಳು ಏಳಲ್ಲ, ಆಯಿಲ್ ಎಲ್ಲ ವಾಲ್ವ್ ಕಡೆಗೇ ಬತ್ತಾ ಇರ್ತದೆ.

ಈಗ ನಾನು ಮಾಡಿದ್ ತಪ್ಪು ಹೇಳ್ತೀನಿ, ನೀವು ಮಾಡ್ಬಾರ್ದು ಅಂತ. ಬಿಚ್ಚಿ ಹಾಕಕ್ಕೆ ಸುಲಭ ಆಗ್ಲಿ ಅಂತವ ರಿಟರ್ನ್ ಲೈನಿಗೂ ಕ್ವಿಕ್ ಕಪ್ಲರ್ ಹಾಕ್ಸಿದ್ದೆ. ಒಂದಿನ ಅದು ಪೂರ್ತಿ ಕೂತಿರ್ಲಿಲ್ಲ. ಕೂರ್ದೆ ಇದ್ರೆ ಕಪ್ಲರ್ ಒಳಗಿನ ಗುಂಡು ಮುಚ್ಕತದೆ, ಆಯಿಲ್ ಹೋಗಕ್ಕೆ ದಾರಿನೇ ಇಲ್ಲ. ಲಿಫ್ಟ್ ಲಿವರ್ ಎತ್ತಿದ್ದೇ ತಡ ವಾಲ್ವ್ ಪೂರ್ತಿ ಪ್ರೆಶರ್ ತುಂಬ್ಕತು. ವಾಲ್ವಿನ ರಿಟರ್ನ್ ಕಡೆ ಅಷ್ಟು ಪ್ರೆಶರ್ ತಡಿಯಂಗೆ ಮಾಡಿರಲ್ಲ, ಸೀಲ್ ಕಿತ್ಕಂಡು ಆಯಿಲ್ ತೆಂಗಿನ ಮರದ ಎತ್ರಕ್ಕೆ ಹಾರ್ತು. ನಮ್ಮುಡ್ಗ ಲಿವರ್ ಹತ್ರ ನಿಂತಿದ್ದ, ಮೊಕಕ್ಕೆ ಬಡೀಲಿಲ್ಲ, ಆ ತಾಯಿ ಕಾದ್ಲು. ಅವತ್ತೇ ಕಪ್ಲರ್ ಕಿತ್ತಾಕಿ ನಟ್ ಯೂನಿಯನ್ ಹಾಕ್ಸಿದೆ, ಸ್ಪ್ಯಾನರಲ್ಲಿ ಬಿಚ್ಚೋಕೆ ಎರಡು ನಿಮಿಷ ಜಾಸ್ತಿ, ಆಗ್ಲಿ.

ಬೆಟ್ಟದಪುರ ಬ್ಯಾರನ್

ಮಂಡ್ಯ ಅಣ್ಣ, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ಡೌಟ್ ಏನಂದ್ರೆ ರಿಟರ್ನ್‌ಗೆ ಯಾಕೆ ದಪ್ಪ ಪೈಪು? ಹೋಗೋ ಆಯಿಲ್ಲೇ ತಾನೇ ವಾಪಸ್ ಬರೋದು? ಆಮೇಲೆ ಕೆ.ಆರ್. ಪೇಟೆಯವರು ಹೇಳಿದ ಕೊಳೆ ವಿಷಯ ನಂಗೂ ಹೆದರಿಕೆನೇ, ಅದಕ್ಕೆ ಏನ್ ಮಾಡೋದು?

ಹೆಬ್ಬಾಳ ಲೇತ್

ಒಳ್ಳೇ ಪ್ರಶ್ನೆ. ಜಾಕಿ ಹಿಂದಕ್ಕೆ ಬರೋವಾಗ ರಾಡ್ ಕಡೆಗೆ ನೀವು ಕೊಡೋದು ನಿಮಿಷಕ್ಕೆ 18 ಲೀಟರ್, ಆದ್ರೆ ಆ ಕಡೆ ಜಾಗ ಕಮ್ಮಿ, ಪಿಸ್ಟನ್ ಬೇಗ ಓಡುತ್ತೆ, ಹಿಂದಿನ ಕಡೆಯಿಂದ ಅದು ಆಚೆ ತಳ್ಳೋದು 26 ಲೀಟರ್ ಲೆಕ್ಕದಲ್ಲಿ. ಸಣ್ಣ ಪೈಪಲ್ಲಿ ಅದು ಉಸಿರು ಕಟ್ಟುತ್ತೆ, ಆಯಿಲ್ ಕಾಯುತ್ತೆ, ವಾಲ್ವಿನ ಸೀಲಿಗೆ ಒತ್ತಡ ಬೀಳುತ್ತೆ. ಮಂಡ್ಯದವರು ಹೇಳಿದ ಘಟನೆ ಸಣ್ಣ ರೂಪದಲ್ಲಿ ಪ್ರತೀ ಸಲ ಆಗ್ತಾ ಇರುತ್ತೆ ಅಂದ್ಕೊಳಿ.

ಕೊಳೆಗೆ: ಜಾಕಿನ ಹಂಗೇ ಹಾಕ್ಬೇಡಿ. ಬಿಚ್ಚಿಸಿ, ಡೀಸೆಲಲ್ಲಿ ತೊಳೆಸಿ, ಸೀಲ್ ಕಿಟ್ ಹೊಸದು ಹಾಕ್ಸಿ. ರಾಡ್ ಮೇಲಿನ ಕ್ರೋಮ್ ಉಗುರಲ್ಲಿ ಸವರಿ ನೋಡಿ, ಉಗುರು ಎಲ್ಲಾದ್ರೂ ತಗಲಿದ್ರೆ ಹೊಸ ಸೀಲನ್ನೂ ಅದು ತಿಂಗಳಲ್ಲಿ ಕೊಯ್ದು ಹಾಕುತ್ತೆ, ಮೊದ್ಲು ರಾಡಿಗೆ ಕ್ರೋಮ್ ಮಾಡಿಸ್ಬೇಕು. ರಿಟರ್ನ್ ಲೈನಲ್ಲಿ ಒಂದು 10 ಮೈಕ್ರಾನ್ ಫಿಲ್ಟರ್ ಹಾಕ್ಸಿ, ಬೈಪಾಸ್ ಇರೋದೇ ಆಗ್ಬೇಕು, ಇಲ್ದಿದ್ರೆ ಕಟ್ಕೊಂಡಾಗ ಮತ್ತದೇ ಕಥೆ. ಟಿಪ್ಪಿಂಗ್ ಪೋರ್ಟಿಗೆ ಪ್ಲಾಸ್ಟಿಕ್ ಮುಚ್ಚಳ ಇರುತ್ತಲ್ಲ, ಅದು ಕಳೆದೋಗಿದ್ರೆ ಇವತ್ತೇ ಹೊಸದು ತನ್ನಿ. ಗೇರ್‌ಬಾಕ್ಸ್‌ಗೆ ಕೊಳೆ ಹೋಗೋ ಮೊದಲನೇ ಬಾಗಿಲು ಅದೇ.

ಮೊದಲ ಸಲ ಓಡಿಸೋವಾಗ ಜಾಕಿ, ಹೋಸು ತುಂಬೋಕೆ ನಾಕೈದು ಲೀಟರ್ ಆಯಿಲ್ ಎಳ್ಕೊಳುತ್ತೆ. ಸೌದೆ ಇಡದೆ ಖಾಲಿ ಐದಾರು ಸಲ ಹಿಂದೆ ಮುಂದೆ ಓಡಿಸಿ, ಗಾಳಿ ಹೋದ ಮೇಲೆ ರಾಡ್ ಒಳಗಿಟ್ಟು ಗೇಜ್ ಕಡ್ಡಿ ನೋಡಿ, ಟ್ರ್ಯಾಕ್ಟರ್ ಪುಸ್ತಕದಲ್ಲಿ ಹೇಳಿರೋ ಆಯಿಲನ್ನೇ ಟಾಪ್ ಅಪ್ ಮಾಡಿ.

ಕಾಯೋದರ ಬಗ್ಗೆ ಒಂದು ಮಾತು. ದಿಮ್ಮಿ ಸಿಕ್ಕಾಕೊಂಡು ನಿಂತಾಗ ಲಿವರ್ ಒತ್ತಿ ಹಿಡ್ಕೊಂಡು ನಿಲ್ಲಬೇಡಿ. 18 ಲೀಟರ್ 150 ಬಾರ್ ಅಂದ್ರೆ ನಾಲ್ಕೂವರೆ ಕಿಲೋವ್ಯಾಟ್, ಅಷ್ಟೂ ಶಾಖವಾಗಿ ಆಯಿಲ್‌ಗೆ ಹೋಗುತ್ತೆ, ಎರಡು ಗೀಸರ್ ಗೇರ್‌ಬಾಕ್ಸ್ ಒಳಗೆ ಇಟ್ಟಂಗೆ. ಎರಡು ಸೆಕೆಂಡಲ್ಲಿ ಸೀಳ್ಲಿಲ್ಲ ಅಂದ್ರೆ ವಾಪಸ್ ತಗೊಂಡು ದಿಮ್ಮಿ ತಿರುಗಿಸಿ.

ಗರ್ಡರ್ ಎಷ್ಟಿಂದು ಹಾಕಿಸ್ತೀರಿ? 6 ಇಂಚಿಂದು ಗುಜರೀಲಿ ಸಿಗ್ತು ಅಂತ ತರಬೇಡಿ. ಜಾಕಿ ಗರ್ಡರ್ ಮೇಲೆ ಕೂರೋದ್ರಿಂದ ತಳ್ಳೋ ಬಲ ಗರ್ಡರನ್ನ ಬಿಲ್ಲಿನ ತರ ಬಗ್ಗಿಸುತ್ತೆ, 9-10 ಟನ್ನಿಗೆ 6 ಇಂಚು ತೀರಾ ಅಂಚಲ್ಲಿರುತ್ತೆ. 8 ಇಂಚಿಂದು ಹಾಕಿ ನಿಶ್ಚಿಂತೆಯಾಗಿರಿ.

ಮಳವಳ್ಳಿ ತೋಟದಮನೆ

ಆಯಿಲು ಪಂಪು ಎಲ್ಲ ಅಣ್ಣಂದಿರು ಚೆನ್ನಾಗಿ ಹೇಳಿದೀರ. ನಾನು ಬೇರೆ ಒಂದು ವಿಷಯ ಹೇಳಬೇಕು, ಹೇಳದೆ ಇರಕ್ಕಾಗಲ್ಲ.

ನಮ್ಮ ಮನೇಲಿ ಇಂಥದ್ದೇ ಮಿಷನ್ ಇದೆ. ಎರಡು ವರ್ಷದ ಹಿಂದೆ ನಮ್ಮ ಮೈದುನ ದಿಮ್ಮಿ ಇಡ್ತಿದ್ದ, ಇನ್ನೊಬ್ರು ಲಿವರ್ ಹಿಡ್ದಿದ್ರು. ದಿಮ್ಮಿ ಓರೆಯಾಗಿದೆ ಅಂತ ಇವನು ಸರಿ ಮಾಡಕ್ಕೆ ಕೈ ಹಾಕಿದಾನೆ, ಅವರು ಇಟ್ಟಾಯ್ತು ಅಂದ್ಕೊಂಡು ತಳ್ಳಿದಾರೆ. ಇಬ್ರದ್ದೂ ತಪ್ಪಿಲ್ಲ, ಟ್ರ್ಯಾಕ್ಟರ್ ಸದ್ದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳ್ಲಿಲ್ಲ. ಬಲಗೈಯ ಎರಡು ಬೆರಳು ಹೋಯ್ತು. ಅವನಿಗೆ ಆಗ ಇಪ್ಪತ್ತಾರು ವಯಸ್ಸು.

ಅವತ್ತಿಂದ ನಮ್ಮನೇಲಿ ಒಂದೇ ನಿಯಮ, ದಿಮ್ಮಿ ಇಡೋರು ಯಾರೋ ಲಿವರ್ ಹಿಡಿಯೋರೂ ಅವರೇ. ಇನ್ನೊಬ್ರು ದೂರದಲ್ಲಿ ನಿಂತು ಸೀಳಿದ್ದನ್ನ ಒಟ್ಟಲಿ, ಮಿಷನ್ ಹತ್ರ ಬರಬಾರ್ದು. ಲಿವರ್ ಕೈ ಬಿಟ್ರೆ ತಾನೇ ನಡುವಕ್ಕೆ ಬರೋ ಸ್ಪ್ರಿಂಗ್ ಇರೋದೇ ಹಾಕ್ಸಿ, ತಳ್ಳೋ ಕಡೆಗೆ ಲಾಕ್ ಆಗೋ ಲಿವರ್ ಯಾವ ಕಾರಣಕ್ಕೂ ಬೇಡ. ದಾರ ಕಟ್ಟಿ, ಕಲ್ಲು ಇಟ್ಟು ಲಿವರ್ ನಿಲ್ಸೋದನ್ನ ನಾನು ಎಷ್ಟೋ ಕಡೆ ನೋಡಿದೀನಿ, ನೋಡಿದ್ರೆ ಹೊಟ್ಟೆ ತೊಳೆಸುತ್ತೆ. ದಿಮ್ಮಿಯ ಎರಡು ತುದಿನೂ ನೆಟ್ಟಗೆ ಕುಯ್ದಿರಬೇಕು, ಓರೆ ಇದ್ರೆ ಅದು ಪಕ್ಕಕ್ಕೆ ಸಿಡಿಯುತ್ತೆ, ಅದನ್ನ ಸರಿ ಮಾಡಕ್ಕೇ ಕೈ ಹೋಗೋದು.

ಇನ್ನೊಂದು, ಹೋಸಲ್ಲಿ ಸೂಜಿ ತೂತಿನಷ್ಟು ಲೀಕ್ ಬಂದ್ರೆ ಬೆರಳಲ್ಲಿ ಸವರಿ ಹುಡುಕಬೇಡಿ. ರಟ್ಟು ಹಿಡಿದು ನೋಡಿ. ಆ ಪ್ರೆಶರಲ್ಲಿ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತೆ, ಮೇಲೆ ನೋಡಿದ್ರೆ ಇರುವೆ ಕಚ್ಚಿದಷ್ಟು ಗುರುತು, ನೋವೂ ಅಷ್ಟಿರಲ್ಲ, ಒಳಗೆ ಮಾಂಸ ಕೊಳೆಯೋಕೆ ಶುರುವಾಗಿರುತ್ತೆ. ಹಂಗೇನಾದ್ರೂ ಆದ್ರೆ ಊರಲ್ಲಿ ಪಟ್ಟಿ ಕಟ್ಟಿಸ್ಕೊಂಡು ಕೂರಬಾರ್ದು, ಆಪರೇಷನ್ ಮಾಡೋ ದೊಡ್ಡಾಸ್ಪತ್ರೆಗೆ ತಕ್ಷಣ ಹೋಗಿ ಹೈಡ್ರಾಲಿಕ್ ಆಯಿಲ್ ಒಳಗೆ ಹೊಕ್ಕಿದೆ ಅಂತ ಬಾಯಿಬಿಟ್ಟು ಹೇಳಬೇಕು.

ನಿಮ್ಮ ತಂದೆಯವರ ಭುಜದ ಬಗ್ಗೆ ಬರೆದಿದ್ರಲ್ಲ, ಅದಕ್ಕೇ ಇಷ್ಟು ಹೇಳಿದೆ. ಮಿಷನ್ ಮಾಡ್ಸಿ, ಖಂಡಿತ ಮಾಡ್ಸಿ.

ಕೆ.ಆರ್. ಪೇಟೆ ತೆಂಗು

ಅಕ್ಕ, ನೀವು ಹೇಳಿದ್ದು ಓದಿ ಕೈ ನಡುಗ್ತು. ನಮ್ಮ ಮಿಷನ್‌ನಲ್ಲಿ ಇಬ್ರು ಸೇರಿ ಕೆಲ್ಸ ಮಾಡ್ತಾ ಇದ್ರು, ನಾಳೆಯಿಂದ ಆ ಪದ್ಧತಿ ಬಂದ್. ಬೆಟ್ಟದಪುರದವರೆ, ಮಂಡ್ಯದವರ ಲೆಕ್ಕ ನೋಡಿದ ಮೇಲೆ ನಿಮ್ಮ 17 ಟನ್ನಿಗೆ ಟ್ರ್ಯಾಕ್ಟರ್ ಹೈಡ್ರಾಲಿಕ್ಕೇ ಸಾಕು ಅಂತ ನನಗೂ ಅನ್ನಿಸ್ತಿದೆ, ಜಾಕಿ ತೊಳೆಸಿ ಫಿಲ್ಟರ್ ಹಾಕಿಸೋದಾದ್ರೆ. ನೀಲಗಿರಿನ ಮಾತ್ರ ಹಸಿ ಇರೋವಾಗ್ಲೇ ಸೀಳಿ, ಒಣಗಿದ ಮೇಲೆ ಅದು ಕಬ್ಬಿಣ. ಸೀಳಿ ಒಟ್ಟಿದ್ರೆ ಬೇಗ ಒಣಗುತ್ತೆ ಕೂಡ.

ಬೆಟ್ಟದಪುರ ಬ್ಯಾರನ್

ಅಪ್ಡೇಟ್ ಕೊಡೋಣ ಅಂತ ಬಂದೆ. ಜಾಕಿ ಬಿಚ್ಚಿಸಿದ್ರೆ ಒಳಗೆ ಕರೀ ಗಸಿ ಇತ್ತು, ಹಂಗೇ ಹಾಕಿದ್ರೆ ಗಾಡಿ ಕಥೆ ಮುಗೀತಿತ್ತು. ರಾಡ್ ಪರ್ವಾಗಿಲ್ಲ, ಸೀಲ್ ಕಿಟ್ ಹೊಸದು ಹಾಕ್ಸಿದೆ. ಮಿಷನ್ ಇನ್ನೂ ವೆಲ್ಡಿಂಗಲ್ಲಿದೆ, ಆದ್ರೆ ಪಂಪ್ ನಿಜವಾಗ್ಲೂ ಎಷ್ಟು ಕೊಡುತ್ತೆ ನೋಡೋಣ ಅಂತ ಜಾಕಿನ ನೆಲದ ಮೇಲೆ ಮಲಗಿಸಿ ಟಿಪ್ಪಿಂಗ್ ಪೋರ್ಟಿಂದ ಹಿಂದಿನ ಕಡೆಗೆ ಕೊಟ್ಟು, ರಾಡ್ ಕಡೆ ಬಾಯಿಗೆ ಹೋಸು ಹಾಕಿ ಕ್ಯಾನಿಗೆ ಬಿಟ್ಟು ಟೈಮ್ ನೋಡಿದೆ. 1800 ಆರ್‌ಪಿಎಂಗೆ 20 ಸೆಕೆಂಡ್, 2400ಕ್ಕೆ 15 ಸೆಕೆಂಡ್. ಅಂದ್ರೆ 2400ರಲ್ಲಿ 16 ಲೀಟರ್ ಚಿಲ್ಲರೆ ಬರ್ತಿದೆ, ಪುಸ್ತಕದಲ್ಲಿರೋ 18 ಪೂರ್ತಿ ಇಂಜಿನ್ ಸ್ಪೀಡಲ್ಲಿ ಇರ್ಬೇಕು. 8 ಇಂಚಿನ ಗರ್ಡರ್ ತಂದಾಯ್ತು, ಸ್ಪ್ರಿಂಗ್ ಲಿವರ್ ಇರೋ ಓಪನ್ ಸೆಂಟರ್ ವಾಲ್ವೂ ಬಂತು. ಮಳವಳ್ಳಿ ಅಕ್ಕ, ನಿಮ್ಮ ಮಾತನ್ನ ನಮ್ಮಪ್ಪನಿಗೆ ಓದಿ ಹೇಳಿದೆ, ಲಿವರನ್ನ ಮಿಷನ್‌ನ ಆ ತುದೀಲಿ ಹಾಕ್ಸು, ದಿಮ್ಮಿ ಇಟ್ಟು ಮೂರು ಹೆಜ್ಜೆ ನಡ್ಕೊಂಡು ಹೋಗೇ ಹಿಡಿಯೋ ಹಂಗಿರಲಿ ಅಂದ್ರು. ಹಂಗೇ ಮಾಡಿಸ್ತಿದೀನಿ.

1800ರಲ್ಲೇ ಓಡಿಸೋದಾ ಅಥವಾ 2400 ಕೊಡೋದಾ ಅನ್ನೋದೊಂದು ಉಳಿದಿದೆ.

ಕಬ್ಬಿನ್ ಗದ್ದೆ ಮಂಡ್ಯ

ಮೊದಲ್ನೇ ದಿನ 1500ರಲ್ಲೇ ಓಡ್ಸಿ ಕೈ ಕೂತ್ಕಳ್ಳಿ, ಆಮೇಲೆ 1800. ಅದ್ಕಿಂತ ಮ್ಯಾಲೆ ಯಾಕೂ ಬ್ಯಾಡಿ, ಡೀಸಲ್ಲು ಉಳೀತದೆ ಗಾಡಿನೂ ತಣ್ಣಗಿರ್ತದೆ. ಟೈಮ್ ಉಳ್ಸೋದು ಬೇರೆ ಕಡೆ ಅದೆ: ಜಾಕಿನ ಪ್ರತೀ ಸಲ ಪೂರ್ತಿ ಹಿಂದಕ್ಕೆ ಎಳ್ಕಬೇಡಿ, ದಿಮ್ಮಿ ಒಂದೂವರೆ ಅಡಿ ಇದ್ರೆ ಅದಕ್ಕಿಂತ ನಾಕು ಬೆರಳು ಜಾಸ್ತಿ ಜಾಗ ಬುಟ್ಟು ನಿಲ್ಲುಸ್ಕಳಿ. ನೆಟ್ಟಗಿರೋ ನೀಲಗಿರಿ ಬೆಣೆ ಮೂರ್ನೇ ಒಂದು ಪಾಲು ಹೋಗೋದ್ರೊಳಗೇ ಎರಡಾಗ್ಬುಡ್ತದೆ, ಆಗ ಲಿವರ್ ಬುಟ್ಟು ವಾಪಸ್ ತಗಳಿ. 34 ಸೆಕೆಂಡ್ ಸುತ್ತು ಹದಿನೈದಕ್ಕೆ ಬತ್ತದೆ. ಮಿಷನ್ ರೆಡಿ ಆದ್ಮೇಲೆ ಫೋಟೋ ಹಾಕಣ್ಣ.